ಥ್ಯಾಂಕ್ಸ್‌ಗಿವಿಂಗ್ ಯಾರ ಹಬ್ಬ? ನಮ್ಮ ಕನ್ನಡ ಕೂಟಕ್ಕೆ ಒಂದು ಬಹಿರಂಗ ಪತ್ರ

ಕೂಟದ ಮಾನ್ಯ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಮತ್ತು ಕನ್ನಡ ಶಾಲೆಯ ಎಲ್ಲ ತಂದೆತಾಯಂದಿರಿಗೆ,

ನಮಸ್ಕಾರಗಳು.

ನವೆಂಬರ್ ತಿಂಗಳ ಕಾರ್ಯಕ್ರಮದ ಬಗ್ಗೆ ತಾವು ಕಳುಹಿಸಿದ ಸುತ್ತೋಲೆಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ರಾಜ್ಯೋತ್ಸವದ ಜೊತೆಗೆ ಥ್ಯಾಂಕ್ಸ್‌ಗಿವಿಂಗ್ ಎಂಬ ಅಮೆರಿಕದ ಕೃತಜ್ಞತೆಯ ಹಬ್ಬದ ಊಟವನ್ನೂ ಇಟ್ಟುಕೊಳ್ಳೋಣ ಎಂಬ ಸಲಹೆ ಬಂದಾಗ ನಮ್ಮ ಹಿರಿಯರೊಬ್ಬರು, ಅದು ಕ್ರೈಸ್ತರ ಹಬ್ಬ, ನಮ್ಮ ಮಕ್ಕಳಿಗೆ ಅದನ್ನು ನಾವೇ ಏಕೆ ಕಲಿಸಬೇಕು ಎಂದು ಆಕ್ಷೇಪಿಸಿದ್ದರು. ಅದಕ್ಕೆ ಉತ್ತರವಾಗಿ ಸಮಿತಿಯು ಸುತ್ತೋಲೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಮೂಲತಃ ಪೇಗನ್ ಸುಗ್ಗಿಹಬ್ಬವೆಂದೂ, ಚರ್ಚು ಅದನ್ನು ನಂತರ ತನ್ನದಾಗಿಸಿಕೊಂಡಿತೆಂದೂ, ಆದ್ದರಿಂದ ಅದು ನಮ್ಮ ಸಂಕ್ರಾಂತಿಯ ಅಣ್ಣತಮ್ಮನೇ ಎಂದೂ ಬರೆದಿದೆ. ಹಿರಿಯರ ಆತಂಕವೂ ಸಮಿತಿಯ ಸದುದ್ದೇಶವೂ ನನಗೆ ಅರ್ಥವಾಗುತ್ತವೆ. ಆದರೆ ಆ ವಾಕ್ಯ ನಿಜವಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದು, ಈ ಹಬ್ಬ ಹುಟ್ಟಿತೆಂದು ಹೇಳುವ ಪ್ಲಿಮತ್ ಊರಿಗೆ ಹಲವು ಬಾರಿ ಹೋಗಿಬಂದವಳಾಗಿ, ಮಕ್ಕಳ ಕೈಗೆ ಅದು ತಲುಪುವ ಮೊದಲು ತಿದ್ದಿಕೊಳ್ಳೋಣವೆಂದು ಕೇಳಿಕೊಳ್ಳುತ್ತೇನೆ.

ಮೊದಲು ‘ಪೇಗನ್’ ಎಂಬ ಮಾತಿನ ಬಗ್ಗೆಯೇ ಹೇಳಬೇಕು. ಲ್ಯಾಟಿನ್ನಿನ ‘ಪಗಾನುಸ್’ ಎಂದರೆ ಹಳ್ಳಿಗ. ಕ್ರೈಸ್ತಮತ ರೋಮ್ ಸಾಮ್ರಾಜ್ಯದಲ್ಲಿ ಹರಡಿದಾಗ, ಹಳೆಯ ದೇವತೆಗಳನ್ನು ಬಿಡದವರನ್ನು ಆ ಹೆಸರಿನಿಂದ ಕರೆದರು. ಅಂದರೆ ಇದು ಆಗ ಯಾವ ಜನರೂ ತಮ್ಮನ್ನು ತಾವು ಕರೆದುಕೊಂಡ ಹೆಸರಲ್ಲ, ಹೊರಗಿನವರು ಹಚ್ಚಿದ ಹೆಸರು. ಆ ಅಳತೆಗೋಲು ಹಿಡಿದರೆ ನಮ್ಮ ಅಜ್ಜಿಯ ಕಣವೂ ಪೇಗನ್ನೇ ಆಗುತ್ತದೆ. ಮೇಟಿಯ ಸುತ್ತ ಎತ್ತುಗಳು ತುಳಿದು ಮುಗಿದ ಮೇಲೆ ರಾಗಿಯನ್ನು ತೂರಿ ರಾಶಿ ಮಾಡಿ, ಅದರ ನೆತ್ತಿಯ ಮೇಲೆ ಸಗಣಿಯ ಬೆನವನನ್ನಿಟ್ಟು, ಗರಿಕೆ ಸಿಕ್ಕಿಸಿ, ಕಾಯಿ ಒಡೆದ ಹೊರತು ಅಜ್ಜಿ ಒಂದು ಸೇರನ್ನೂ ಅಳೆಯಲು ಬಿಡುತ್ತಿರಲಿಲ್ಲ. ಅಳೆಯುವಾಗಲೂ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಕೆ ಶುರುವಾಗುತ್ತಿತ್ತು. ಅದನ್ನು ಯಾರಾದರೂ ಪೇಗನ್ ಎಂದರೆ ನನಗೆ ನೋವಾಗುತ್ತದೆ. ಹಾಗಿರುವಾಗ ಇನ್ನೊಬ್ಬರ ಹಬ್ಬವನ್ನು ನಮ್ಮದರ ಹತ್ತಿರಕ್ಕೆ ತರಲು ಅದೇ ಪದವನ್ನು ನಾವು ಬಳಸುವುದು ಸರಿ ಕಾಣುವುದಿಲ್ಲ.

ಇನ್ನು ಚರಿತ್ರೆಗೆ ಬರೋಣ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ 102 ಪ್ರಯಾಣಿಕರು ಇಂಗ್ಲೆಂಡಿನಿಂದ ಪ್ಲಿಮತ್ತಿಗೆ ಬಂದರು. ಮೊದಲ ಚಳಿಗಾಲದಲ್ಲೇ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತರು. ಮರುವರ್ಷ ಬೆಳೆ ಕೈಗೆ ಬಂದಾಗ ನಡೆದ ಊಟದ ಬಗ್ಗೆ ನಮಗೆ ಉಳಿದಿರುವ ಕಣ್ಣಾರೆ ಕಂಡ ವಿವರವೆಂದರೆ, ಅವರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೊ 1621ರ ಡಿಸೆಂಬರ್ 11ರಂದು ಸ್ನೇಹಿತನಿಗೆ ಬರೆದ ಕಾಗದದ ಕೆಲವೇ ಸಾಲುಗಳು. ಫಸಲು ಮನೆಗೆ ಬಂತು, ಗವರ್ನರ್ ನಾಲ್ವರನ್ನು ಹಕ್ಕಿ ಬೇಟೆಗೆ ಕಳುಹಿಸಿದರು, ಬಂದೂಕಿನ ಕಸರತ್ತು ನಡೆಯಿತು, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್ ತನ್ನ ತೊಂಬತ್ತು ಮಂದಿಯೊಡನೆ ಬಂದು ಮೂರು ದಿನ ಇದ್ದ, ಅವರು ಹೋಗಿ ಐದು ಜಿಂಕೆ ಹೊಡೆದು ತಂದರು, ಎಂಬಷ್ಟೇ ಅಲ್ಲಿದೆ. ದೇವರ ದಯೆಯಿಂದ ನಮಗೆ ಕೊರತೆಯಿಲ್ಲ ಎಂಬ ಮಾತೂ ಇದೆ. ಆದರೆ ಉಪದೇಶ, ಪ್ರಾರ್ಥನಾ ಸಭೆ, ವ್ರತ ಯಾವುದರ ಉಲ್ಲೇಖವೂ ಇಲ್ಲ. ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಹೆಸರೂ ಇಲ್ಲ. ಅದು ಅವರ ಊರುಗಳಲ್ಲಿ ರೂಢಿಯಲ್ಲಿದ್ದ ಸುಗ್ಗಿಯ ಊಟದಂತೆ ಕಾಣುತ್ತದೆಯೇ ಹೊರತು ಪೂಜೆಯಂತೆ ಕಾಣುವುದಿಲ್ಲ.

ಪೇಗನ್ ವಾದ ಹುಟ್ಟುವುದು ಇಲ್ಲಿಂದಲೇ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೊನೆಯ ಬಂಡಿ ತೆನೆ ಮನೆಗೆ ಬರುವ ದಿನ ‘ಹಾರ್ವೆಸ್ಟ್ ಹೋಮ್’ ಎಂಬ ಸಂಭ್ರಮವಿತ್ತು; ಕೆಲವು ಕಡೆ ಕೊನೆಯ ಸಿವುಡಿಗೆ ಬಟ್ಟೆ ತೊಡಿಸಿ ಬೊಂಬೆ ಮಾಡುತ್ತಿದ್ದರು. 1598ರಲ್ಲಿ ವಿಂಡ್ಸರ್ ಬಳಿ ಅಂಥದೊಂದು ಮೆರವಣಿಗೆ ನೋಡಿದ ಜರ್ಮನ್ ಪ್ರವಾಸಿ ಪಾಲ್ ಹೆಂಟ್ಜ್ನರ್, ಆ ಬೊಂಬೆ ಬಹುಶಃ ರೋಮನ್ನರ ಧಾನ್ಯದೇವತೆ ಸೆರೆಸ್ ಇರಬೇಕು ಎಂದು ಬರೆದಿಟ್ಟ. ಅದು ಓದಿಕೊಂಡಿದ್ದ ಒಬ್ಬ ದಾರಿಹೋಕನ ಊಹೆ. ತೆನೆಯ ಬೊಂಬೆಯನ್ನು ಹೊತ್ತವರು ತಾವು ಸೆರೆಸಳನ್ನು ಪೂಜಿಸುತ್ತಿದ್ದೇವೆಂದು ಅವನಿಗೆ ಹೇಳಿರಲಿಲ್ಲ. ಆ ಬೊಂಬೆ ಹಡಗು ಹತ್ತಿ ಪ್ಲಿಮತ್ತಿಗೆ ಬಂತೆನ್ನಲು ಒಂದು ಸಾಲಿನ ಆಧಾರವೂ ಇಲ್ಲ.

ಅಷ್ಟೇ ಅಲ್ಲ, ಅಲ್ಲಿಗೆ ಬಂದವರು ಎಂಥವರೆಂದು ನೋಡಬೇಕು. ಬೈಬಲ್ಲಿನಲ್ಲಿ ಹೇಳಿಲ್ಲದ ಹಬ್ಬಗಳೆಲ್ಲ ಪೇಗನ್ ಅಥವಾ ರೋಮನ್ ಕ್ಯಾಥೊಲಿಕ್ ಕಲಬೆರಕೆ ಎಂದು ಕ್ರಿಸ್ಮಸ್ಸನ್ನೂ ಈಸ್ಟರನ್ನೂ ಬಿಟ್ಟವರು ಅವರು. ಆ ಸುಗ್ಗಿ ಊಟ ನಡೆದ ವರ್ಷದ್ದೇ ಕ್ರಿಸ್ಮಸ್ ದಿನದ ಒಂದು ಪ್ರಸಂಗವನ್ನು ಗವರ್ನರ್ ವಿಲಿಯಂ ಬ್ರ್ಯಾಡ್ಫರ್ಡ್ ತನ್ನ ಬರಹದಲ್ಲಿ ದಾಖಲಿಸಿದ್ದಾನೆ. ಹೊಸದಾಗಿ ಬಂದಿದ್ದ ಕೆಲವರು, ಇಂದು ಕೆಲಸ ಮಾಡಲು ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರು. ಸರಿ, ಎಂದು ಅವರನ್ನು ಬಿಟ್ಟು ಉಳಿದವರೊಡನೆ ಅವನು ಕೆಲಸಕ್ಕೆ ಹೋದ. ಮಧ್ಯಾಹ್ನ ಬಂದು ನೋಡಿದರೆ ಅವರು ಬೀದಿಯಲ್ಲಿ ಚೆಂಡಾಟವಾಡುತ್ತಿದ್ದರು. ಚೆಂಡನ್ನು ಕಸಿದುಕೊಂಡು, ಉಳಿದವರು ದುಡಿಯುವಾಗ ನೀವು ಆಡುವುದಕ್ಕೆ ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ, ಭಕ್ತಿಯಿದ್ದರೆ ಮನೆಯೊಳಗಿರಿ ಎಂದ. ಕೆಲವೇ ವರ್ಷಗಳ ನಂತರ ಹತ್ತಿರದ ಮೆರಿಮೌಂಟ್‌ನಲ್ಲಿ ಥಾಮಸ್ ಮಾರ್ಟನ್ ಎಂಬಾತ ವಸಂತದ ಸಂಭ್ರಮಕ್ಕೆ ಸುತ್ತ ಕುಣಿಯುವ ಮೇ ಕಂಬ ನೆಟ್ಟು ಕುಣಿಸಿದಾಗ, ಇದು ರೋಮನ್ನರ ಫ್ಲೋರಾ ದೇವತೆಯ ಉತ್ಸವದಂತಿದೆ ಎಂದು ಇದೇ ಬ್ರ್ಯಾಡ್ಫರ್ಡ್ ಹೇಸಿಕೊಂಡು ಬರೆದ. 1628ರಲ್ಲಿ ಆ ಕಂಬವನ್ನು ಕಡಿಸಿಹಾಕಲಾಯಿತು. ನೆರೆಯ ಮ್ಯಾಸಚೂಸೆಟ್ಸ್ ಬೇ ವಸಾಹತು 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕಿತು. ಆ ಕಾನೂನು 1681ರವರೆಗೂ ಇತ್ತು. ಒಂದು ಕಂಬವನ್ನೂ ಸಹಿಸದ ಈ ಜನ ಗೊತ್ತಿದ್ದೂ ಪೇಗನ್ ಹಬ್ಬವೊಂದನ್ನು ನೆಟ್ಟು ಬೆಳೆಸಿದರೆಂದು ನಾವು ಮಕ್ಕಳಿಗೆ ಹೇಳಿದರೆ, ನಾಳೆ ಶಾಲೆಯಲ್ಲಿ ಇದನ್ನೇ ಓದುವ ಮಕ್ಕಳು ನಮ್ಮನ್ನು ಏನೆಂದುಕೊಂಡಾರು?

ಹಾಗಾದರೆ ಅವರು ಯಾವ ದಿನಗಳನ್ನು ಆಚರಿಸುತ್ತಿದ್ದರು? ವಾರಕ್ಕೊಮ್ಮೆ ಸಬ್ಬತ್ತು ಎಂಬ ವಿಶ್ರಾಂತಿ ಮತ್ತು ಪ್ರಾರ್ಥನೆಯ ದಿನ, ಅದಲ್ಲದೆ ಕಷ್ಟ ಬಂದಾಗ ಉಪವಾಸದ ದಿನ, ಕಷ್ಟ ಕಳೆದಾಗ ಕೃತಜ್ಞತೆಯ ದಿನ. ಈ ಎರಡನೆಯದರ ಹೆಸರೇ ‘ಡೇ ಆಫ್ ಥ್ಯಾಂಕ್ಸ್‌ಗಿವಿಂಗ್’. ಅದು ಪಂಚಾಂಗದ ಹಬ್ಬವಾಗಿರಲಿಲ್ಲ. ಆ ವರ್ಷ ದೇವರು ಏನು ಮಾಡಿದನೆಂದು ನೋಡಿ ಗೊತ್ತುಮಾಡುವ ದಿನವಾಗಿತ್ತು. ಪ್ಲಿಮತ್ತಿನವರು ಅಂಥ ದಿನವನ್ನು ಹೆಸರಿಟ್ಟು ಆಚರಿಸಿದ್ದು 1623ರಲ್ಲಿ. ವಾರಗಟ್ಟಲೆ ಮಳೆಯಿಲ್ಲದೆ ಮೆಕ್ಕೆಜೋಳ ಬಾಡಿ ನಿಂತಾಗ ಒಂದು ದಿನ ಉಪವಾಸವಿದ್ದು ಪ್ರಾರ್ಥಿಸಿದರು. ಸಂಜೆಗೆ ಮೋಡ ಕವಿದು ಸೋನೆಮಳೆ ಹಿಡಿಯಿತು. ಆ ಮೇಲೆ ಕೃತಜ್ಞತೆಯ ದಿನವೊಂದನ್ನು ಮೀಸಲಿಟ್ಟರು. ಮಳೆಗಾಗಿ ಕಪ್ಪೆ ಮೆರವಣಿಗೆ ಮಾಡಿ, ಮಳೆ ಬಂದ ಮೇಲೆ ಊರದೇವರಿಗೆ ಪರು ಮಾಡುವ ಊರುಗಳಿಂದ ಬಂದ ನಮಗೆ ಆ ಹೊಟ್ಟೆಯ ಸಂಕಟ ಅಪರಿಚಿತವೇನಲ್ಲ. ಆದರೂ ಅವರ ಭಾಷೆ, ಅವರ ದೇವರು, ಅವರ ರೀತಿ ಪೂರ್ತಿಯಾಗಿ ಪ್ರಾಟೆಸ್ಟೆಂಟ್ ಕ್ರೈಸ್ತರದು. ನಮ್ಮ ಹಿರಿಯರು ಹೇಳಿದ್ದರಲ್ಲಿ ಇಷ್ಟು ಸತ್ಯವಿದೆ, ಅದನ್ನು ಮುಚ್ಚಿಡಬಾರದು.

1621ರ ಊಟವೂ 1623ರ ಪ್ರಾರ್ಥನೆಯೂ ಬೇರೆ ಬೇರೆ ಎಂಬುದು ಮುಖ್ಯ. ಇವೆರಡೂ ಒಂದೇ ಹಬ್ಬವಾಗಿ ಬೆಸೆದದ್ದು ನಿಧಾನವಾಗಿ. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ನ್ಯೂ ಇಂಗ್ಲೆಂಡಿನ ವಸಾಹತುಗಳಲ್ಲಿ ಬೆಳೆ ಬಂದ ಮೇಲೆ ವರ್ಷಕ್ಕೊಂದು ಕೃತಜ್ಞತೆಯ ದಿನ ಸಾರುವ ರೂಢಿ ಬೇರೂರಿತ್ತು: ಬೆಳಿಗ್ಗೆ ಚರ್ಚಿನ ಉಪದೇಶ, ಮಧ್ಯಾಹ್ನ ಮನೆಮಂದಿಯ ಊಟ. 1621ರ ಊಟವನ್ನು ಆಗ ಯಾರೂ ನೆನೆಯುತ್ತಿರಲಿಲ್ಲ. 1841ರಲ್ಲಿ ಬೋಸ್ಟನ್ನಿನ ಪಾದ್ರಿ ಅಲೆಕ್ಸಾಂಡರ್ ಯಂಗ್, ವಿನ್ಸ್ಲೊನ ಆ ಕಾಗದವನ್ನು ಮತ್ತೆ ಅಚ್ಚು ಹಾಕಿಸುವಾಗ ಕೆಳಗೊಂದು ಅಡಿಟಿಪ್ಪಣಿ ಬರೆದು, ಇದೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದ. ಇಂದು ಶಾಲೆಗಳ ಗೋಡೆಯ ಮೇಲೆ ಕಾಣುವ ಚಿತ್ರಗಳೆಲ್ಲ ಆ ಒಂದು ಅಡಿಟಿಪ್ಪಣಿಯ ಹಿಂದೆ ಬಂದವು.

ನಮ್ಮಂಥ, ಕ್ರೈಸ್ತರಲ್ಲದ ವಲಸಿಗರಿಗೆ ಈ ಚರಿತ್ರೆಯ ಮುಂದಿನ ಭಾಗ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಭಾವನೆ. ಸ್ವಾತಂತ್ರ್ಯ ಯುದ್ಧದ ನಡುವೆ 1777ರಲ್ಲಿ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಹೊರಡಿಸಿದ ಕೃತಜ್ಞತೆಯ ಘೋಷಣೆಯಲ್ಲಿ ಯೇಸುಕ್ರಿಸ್ತನ ಹೆಸರಿತ್ತು. ಹನ್ನೆರಡು ವರ್ಷಗಳ ನಂತರ, ಹೊಸ ಸಂವಿಧಾನದ ಕೆಳಗೆ ಜಾರ್ಜ್ ವಾಷಿಂಗ್ಟನ್ 1789ರ ನವೆಂಬರ್ 26ನ್ನು ಕೃತಜ್ಞತೆಯ ದಿನವೆಂದು ಸಾರಿದಾಗ, ಸರ್ವಶಕ್ತ ದೇವರು ಎಂಬ ಮಾತಿತ್ತು, ಯೇಸುವಿನ ಹೆಸರಿರಲಿಲ್ಲ. ಅದೇ ದಿನ ನ್ಯೂಯಾರ್ಕಿನ ಶಿಯರಿತ್ ಇಸ್ರೇಲ್ ಸಿನಗಾಗಿನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಗೆರ್ಶಂ ಮೆಂಡೆಸ್ ಸೆಯ್ಶಸ್ ಯಹೂದಿ ಸಮುದಾಯಕ್ಕೆ ಕೃತಜ್ಞತೆಯ ಉಪನ್ಯಾಸ ನೀಡಿದರು. ಕ್ರೈಸ್ತರ ಹಬ್ಬವೆಂದು ಅವರು ದೂರ ನಿಲ್ಲಲಿಲ್ಲ. ತಮ್ಮ ಧರ್ಮ ಬಿಟ್ಟು ಒಳಗೂ ಬರಲಿಲ್ಲ. ಮೂರನೆಯ ರಾಷ್ಟ್ರಾಧ್ಯಕ್ಷ ಜೆಫರ್ಸನ್ ಮಾತ್ರ, ಇಂಥ ದಿನಗಳನ್ನು ಸಾರುವುದು ಸರ್ಕಾರದ ಕೆಲಸವಲ್ಲವೆಂದು ತಮ್ಮ ಎಂಟು ವರ್ಷಗಳಲ್ಲಿ ಒಂದನ್ನೂ ಸಾರಲಿಲ್ಲ.

1844ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ನಡೆದದ್ದನ್ನೂ ತಾವು ಗಮನಿಸಬೇಕು. ಅಲ್ಲಿನ ಗವರ್ನರ್ ಜೇಮ್ಸ್ ಹ್ಯಾಮಂಡ್ ತನ್ನ ಘೋಷಣೆಯಲ್ಲಿ, ದೇವರನ್ನೂ ಅವನ ಮಗ ಯೇಸುಕ್ರಿಸ್ತನನ್ನೂ ಪೂಜಿಸಲು ಜನರನ್ನು ಕರೆದ. ಚಾರ್ಲ್ಸ್ಟನ್ನಿನ ಯಹೂದಿಗಳು ಆ ದಿನ ತಮ್ಮ ಸಿನಗಾಗುಗಳನ್ನು ತೆರೆಯಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿ ಪ್ರತಿಭಟನಾ ಪತ್ರ ಬರೆದರು. ಗವರ್ನರ್ ಕ್ಷಮೆ ಕೇಳಲಿಲ್ಲ. ಆದರೆ ಆ ಯಹೂದಿಗಳು ಕೇಳಿದ್ದು ಹಬ್ಬವನ್ನು ನಿಲ್ಲಿಸಿ ಎಂದಲ್ಲ, ಕರೆಯುವ ಮಾತನ್ನು ಎಲ್ಲರೂ ಓಗೊಡುವಂತೆ ಇಡಿ ಎಂದು. ಈ ಹಬ್ಬ ಇಂದು ಎಲ್ಲರ ಮನೆಯ ಊಟವಾಗಿದ್ದರೆ, ಅದು ತಾನಾಗಿ ಹಾಗಾಗಲಿಲ್ಲ. ಹೀಗೆ ಬಾಗಿಲಲ್ಲಿ ನಿಂತು ಕೇಳಿದವರೂ ಅದಕ್ಕೆ ಕಾರಣರು. ನಮ್ಮ ಮಕ್ಕಳು ಯಾರ ಹೆಜ್ಜೆಯ ಮೇಲೆ ನಡೆಯುತ್ತಿದ್ದಾರೆಂದು ಹೇಳಬೇಕಿದ್ದರೆ ಇವರ ಕಥೆಯನ್ನು ಹೇಳಬೇಕು. ಇಲ್ಲದ ಸೆರೆಸ್ ದೇವತೆಯ ಕಥೆಯನ್ನಲ್ಲ.

ರಾಷ್ಟ್ರೀಯ ಹಬ್ಬವಾದದ್ದು ಒಬ್ಬ ಹೆಣ್ಣುಮಗಳ ಹಟದಿಂದ. ಹೆಂಗಸರ ಮಾಸಪತ್ರಿಕೆಯೊಂದರ ಸಂಪಾದಕಿಯಾಗಿದ್ದ ಸಾರಾ ಜೋಸೆಫಾ ಹೇಲ್ ವರ್ಷಗಟ್ಟಲೆ ಗವರ್ನರುಗಳಿಗೂ ರಾಷ್ಟ್ರಾಧ್ಯಕ್ಷರಿಗೂ ಕಾಗದ ಬರೆದು, 1863ರ ಸೆಪ್ಟೆಂಬರ್ 28ರಂದು ಲಿಂಕನ್ನರಿಗೂ ಬರೆದರು. ಅಕ್ಟೋಬರ್ 3ರಂದು ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಸಾರಿದರು. ಅಮೆರಿಕದ ಅಂತರ್ಯುದ್ಧದ ಗೆಟಿಸ್ಬರ್ಗ್ ಕಾಳಗ ಮುಗಿದು ಮೂರೇ ತಿಂಗಳಾಗಿತ್ತು. ಆ ಘೋಷಣೆಯಲ್ಲಿ ಫಲವತ್ತಾದ ಹೊಲಗಳ ಮಾತಿದೆ, ಪರಲೋಕದ ತಂದೆಯ ಮಾತಿದೆ, ವಿಧವೆಯರನ್ನೂ ಅನಾಥರನ್ನೂ ಮರೆಯಬೇಡಿ ಎಂಬ ಬೇಡಿಕೆಯಿದೆ. ಪ್ಲಿಮತ್ ಇಲ್ಲ, ಮೇಫ್ಲವರ್ ಇಲ್ಲ, ಯೇಸುವಿನ ಹೆಸರೂ ಇಲ್ಲ. ಮುಂದೆ 1939ರಲ್ಲಿ ರಾಷ್ಟ್ರಾಧ್ಯಕ್ಷ ರೂಸ್ವೆಲ್ಟ್ ಅಂಗಡಿಕಾರರ ವ್ಯಾಪಾರಕ್ಕೆ ಅನುಕೂಲವಾಗಲೆಂದು ದಿನವನ್ನು ಒಂದು ವಾರ ಮುಂಚೆಯೇ ಬರುವಂತೆ ಬದಲಿಸಿ ರಾಜ್ಯಗಳೆಲ್ಲ ಎರಡು ಪಾಲಾದ ಮೇಲೆ, 1941ರ ಡಿಸೆಂಬರಿನ ಕಾನೂನು ನವೆಂಬರಿನ ನಾಲ್ಕನೆಯ ಗುರುವಾರವನ್ನು ಶಾಶ್ವತಗೊಳಿಸಿತು. ಅಂದರೆ ಇದರ ಬೇರು ಕ್ರೈಸ್ತರದು. ಈಗಿರುವ ರೂಪ ದೇಶದ ನಾಗರಿಕರೆಲ್ಲರದು. ಈ ಎರಡು ಮಾತುಗಳೂ ಒಟ್ಟಿಗೆ ನಿಜವಾಗಿರಲು ಸಾಧ್ಯ.

ಕರಾವಳಿಯಿಂದ ಬಂದವರಿಗೆ ಇದು ಹೊಸತಲ್ಲ. ನಮ್ಮ ಕೂಟದಲ್ಲೇ ಇರುವ ಮಂಗಳೂರಿನ ಕ್ಯಾಥೊಲಿಕ್ ಮನೆಯವರು ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್ ಆಚರಿಸುತ್ತಾರೆ. ಊರಿನಲ್ಲಾದರೆ ಮಕ್ಕಳು ಮೇರಿಯಮ್ಮನಿಗೆ ಹೂವು ಹಾಕಿ, ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಂಡ ಮೇಲೆಯೇ ಊಟ. ಅದೇ ಗದ್ದೆಯ ಬದುವಿನಾಚೆ ತುಳುವರ ಮನೆಯಲ್ಲಿ ಕುರಲ್ (ತೆನೆ) ಕಟ್ಟಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಒಂದು ಮೇರಿಯಮ್ಮನ ಜನ್ಮದಿನ, ಇನ್ನೊಂದು ಮನೆದೇವರ ಮುಂದಿನ ಊಟ, ತೆನೆ ಒಂದೇ. ಮೊಂತಿ ಫೆಸ್ತನ್ನು ಸೋಗು ಹಾಕಿದ ಹಿಂದೂ ಹಬ್ಬ ಎಂದು ಯಾರಾದರೂ ಕರೆದರೆ ಆ ಮನೆಯ ಹಿರಿಯಮ್ಮನಿಗೆ ಎಷ್ಟು ನೋಯುತ್ತದೆಯೋ, ಥ್ಯಾಂಕ್ಸ್‌ಗಿವಿಂಗನ್ನು ಸೋಗು ಹಾಕಿದ ಪೇಗನ್ ಹಬ್ಬ ಎಂದಾಗ ನಮ್ಮ ನೆರೆಹೊರೆಯವರಿಗೂ ಅಷ್ಟೇ ನೋಯುತ್ತದೆ.

ಇನ್ನೊಂದು ವಿಷಯ ಉಳಿದಿದೆ. ಸುತ್ತೋಲೆಯಲ್ಲಿ ನನ್ನನ್ನು ಹೆಚ್ಚು ಕದಡಿದ್ದು ಅದು. ಮಕ್ಕಳು ತಲೆಗೆ ಗರಿ ಕಟ್ಟಿ, ಕಂದು ಕಾಗದದ ಚೀಲ ಕತ್ತರಿಸಿ ಮೇಲಂಗಿ ಮಾಡಿಕೊಂಡು ‘ಇಂಡಿಯನ್’ (ಅಮೆರಿಕದ ಮೂಲನಿವಾಸಿ) ವೇಷದಲ್ಲಿ ಬರಬೇಕೆಂದು ತಾವು ಹೇಳಿದ್ದೀರಿ. ಪೇಗನ್ನೋ ಕ್ರೈಸ್ತವೋ ಎಂದು ಜಗಳವಾಡುವ ನಾವು, ಆ ಮಣ್ಣಿನಲ್ಲಿ ಮೊದಲು ಮೆಕ್ಕೆಜೋಳ ಬೆಳೆದವರನ್ನು ವೇಷವಾಗಿ ಮಾತ್ರ ನೆನೆಯುತ್ತಿದ್ದೇವೆ. ವಾಂಪನೋಗ್ ಜನರಿಗೆ ಸುಗ್ಗಿಯ ಕೃತಜ್ಞತೆಯನ್ನು ಯಾರೂ ಹಡಗಿನಲ್ಲಿ ತಂದುಕೊಡಬೇಕಿರಲಿಲ್ಲ. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಅಕ್ವಿನಾ ವಾಂಪನೋಗರು ಇಂದಿಗೂ ಅಕ್ಟೋಬರಿನಲ್ಲಿ ಕ್ರ್ಯಾನ್‌ಬೆರಿ ಕೊಯ್ಲಿನ ದಿನವನ್ನು ಆಚರಿಸುತ್ತಾರೆ. ಬಿಳಿಯರಿಗೆ ಮೆಕ್ಕೆಜೋಳದ ಬುಡಕ್ಕೆ ಮೀನು ಹಾಕಿ ಬೆಳೆಯಲು ಕಲಿಸಿದ ಟಿಸ್ಕ್ವಾಂಟಮ್ 1614ರಲ್ಲಿ ಅಪಹೃತನಾಗಿ ಸ್ಪೇನಿನಲ್ಲಿ ಮಾರಾಟವಾದವನು. ಹೇಗೋ ಬಿಡಿಸಿಕೊಂಡು 1619ರಲ್ಲಿ ಹಿಂದಿರುಗಿದಾಗ ಅವನ ಊರಾದ ಪಟುಕ್ಸೆಟ್ ರೋಗಕ್ಕೆ ಸಿಕ್ಕಿ ನಿರ್ಜನವಾಗಿತ್ತು. ಆ ಊರಿನ ಮೇಲೆಯೇ ಪ್ಲಿಮತ್ ಎದ್ದಿತು. ಆ ಮೂರು ದಿನದ ಅತಿಥಿ ಮ್ಯಾಸಸಾಯಿಟ್‌ನ ಮಗ ಮೆಟಕಮ್ 1676ರಲ್ಲಿ ಇಂಗ್ಲಿಷರೊಡನೆ ಯುದ್ಧದಲ್ಲಿ ಸತ್ತಾಗ, ಅವನ ತಲೆಯನ್ನು ಅದೇ ಪ್ಲಿಮತ್ತಿನಲ್ಲಿ ಗಳುವಿಗೆ ಚುಚ್ಚಿ ವರ್ಷಗಟ್ಟಲೆ ನಿಲ್ಲಿಸಿದ್ದರು.

ಕೆಲವು ವರ್ಷಗಳ ಹಿಂದೆ ಹಬ್ಬದ ಗುರುವಾರದಂದೇ ನಾನು ಪ್ಲಿಮತ್ತಿಗೆ ಹೋಗಿದ್ದೆ. ಕೋಲ್ಸ್ ಹಿಲ್ ಎಂಬ ಸಣ್ಣ ದಿಬ್ಬದ ಮೇಲೆ ಮ್ಯಾಸಸಾಯಿಟ್‌ನ ಕಂಚಿನ ಪ್ರತಿಮೆ ಕಡಲ ಕಡೆ ಮುಖಮಾಡಿ ನಿಂತಿದೆ. ಅದರ ಹತ್ತಿರದ ಬಂಡೆಯ ಫಲಕದಲ್ಲಿ, 1970ರಿಂದ ಮೂಲನಿವಾಸಿಗಳು ಈ ದಿನ ಇಲ್ಲಿ ಸೇರಿ ರಾಷ್ಟ್ರೀಯ ಶೋಕದಿನ ಆಚರಿಸುತ್ತಾರೆಂದು ಬರೆದಿದೆ. ಆ 1970ರಲ್ಲಿ ವಾಂಪನೋಗರ ಫ್ರ್ಯಾಂಕ್ ಜೇಮ್ಸ್ ಅವರನ್ನು ಸರ್ಕಾರಿ ಔತಣಕೂಟಕ್ಕೆ ಭಾಷಣಕಾರರಾಗಿ ಕರೆದು, ಅವರು ಬರೆದುಕೊಂಡು ಬಂದದ್ದನ್ನು ಮೊದಲೇ ಓದಿ, ಹೀಗೆ ಮಾತಾಡುವಂತಿಲ್ಲ ಎಂದಿದ್ದರು. ಅವರು ಔತಣ ಬಿಟ್ಟು ಈ ದಿಬ್ಬಕ್ಕೆ ಬಂದರು. ಕಡಲಗಾಳಿಯಲ್ಲಿ ಕೈ ಮರಗಟ್ಟುತ್ತಿತ್ತು. ತಮಟೆಯ ಸದ್ದಿನ ನಡುವೆ ಹೆಂಗಸೊಬ್ಬರು ತಮ್ಮ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಅವರ ಪಕ್ಕದಲ್ಲಿ ದಪ್ಪ ಜಾಕೆಟ್ಟು ತೊಟ್ಟು, ನಮ್ಮ ಮಕ್ಕಳಂತೆಯೇ ಮೂಗು ಸೊರಗುಟ್ಟುತ್ತ ನಿಂತಿದ್ದ ಹುಡುಗನ ತಲೆಯ ಮೇಲೆ ಉಣ್ಣೆಯ ಟೋಪಿಯಿತ್ತು, ಗರಿಯಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇದು. ಸುತ್ತೋಲೆಯಲ್ಲಿರುವ ಪೇಗನ್ ಮೂಲದ ವಾಕ್ಯವನ್ನು ಹಿಂತೆಗೆದುಕೊಳ್ಳಿ. ಹಿರಿಯರಿಗೆ, ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ ಎಂದು ಗೌರವದಿಂದಲೇ ತಿಳಿಸಿ, ಚಾರ್ಲ್ಸ್ಟನ್ನಿನ ಪ್ರಸಂಗವನ್ನು ಅವರಿಗೆ ಹೇಳಿ. ಗರಿಯ ವೇಷವನ್ನು ಕೈಬಿಡಿ. ಅದರ ಬದಲು ವಿನ್ಸ್ಲೊನ ಆ ಕೆಲವು ಸಾಲುಗಳನ್ನೂ ಲಿಂಕನ್ನರ ಘೋಷಣೆಯ ಒಂದು ಭಾಗವನ್ನೂ ದೊಡ್ಡ ಮಕ್ಕಳು ಕನ್ನಡದಲ್ಲಿ ಓದಲಿ, ವಾಂಪನೋಗರ ವಿಷಯವನ್ನು ಅವರೇ ಬರೆದದ್ದರಿಂದ ಆರಿಸಿ ಓದಲಿ, ಮಂಗಳೂರಿನ ಆ ಹಿರಿಯಮ್ಮ ತೆನೆಯ ಹಾಲಿನ ಬಗ್ಗೆ ಐದು ನಿಮಿಷ ಮಾತಾಡಲಿ. ಕನ್ನಡಕ್ಕೆ ತರುವ ಕೆಲಸವನ್ನು ನಾನು ಮಾಡಿಕೊಡುತ್ತೇನೆ. ಮುಂದಿನ ಭಾನುವಾರದ ಸಭೆಯೊಳಗೆ ಕರಡು ತಮ್ಮ ಕೈ ಸೇರುತ್ತದೆ. ಊಟಕ್ಕೆ ಕುಂಬಳಕಾಯಿ ಪಲ್ಯವನ್ನು ಮೂವತ್ತು ಜನಕ್ಕಾಗುವಷ್ಟು ನಮ್ಮ ಮನೆಯಿಂದಲೇ ತರುತ್ತೇನೆ.

ವಂದನೆಗಳೊಂದಿಗೆ,
ಕೂಟದ ಸದಸ್ಯೆ, ಕನ್ನಡ ಶಾಲೆಯ ಇಬ್ಬರು ಮಕ್ಕಳ ತಾಯಿ